ಹೆಡ್‌ಫೋನ್, ಆಂಪ್, ಡ್ಯಾಕ್: ಯಾವುದಕ್ಕೆ ಯಾವುದು ಜೋಡಿ?

ಹೋದ ತಿಂಗಳು ಅಕ್ಕನ ಮಗ ಫೋನ್ ಮಾಡಿದ. "ಮಾವ, ಸೆನ್‌ಹೈಸರ್ ಎಚ್‌ಡಿ 600 ತಗೊಂಡೆ. ಮೊಬೈಲಿಗೆ ಹಾಕಿದ್ರೆ ಸೌಂಡೇ ಬರ್ತಿಲ್ಲ. ಡಿಫೆಕ್ಟ್ ಪೀಸ್ ಕಳಿಸಿದಾರೆ ಅನ್ಸತ್ತೆ, ವಾಪಸ್ ಹಾಕ್ಲಾ?"

ಪೀಸ್ ಸರಿಯಾಗಿಯೇ ಇತ್ತು. ಅವನು ಅಂಗಡಿಯಲ್ಲೂ ವಿಚಾರಿಸಿದ್ದನಂತೆ. ಹೆಡ್‌ಫೋನಿನಷ್ಟೇ ಬೆಲೆಯ ಒಂದು ಆಂಪ್, ಅದರ ಜೊತೆಗೊಂದು ಡ್ಯಾಕ್ ಬೇಕೇ ಬೇಕು ಅಂದಿದ್ದರು. ಸ್ವಲ್ಪ ತಡಿ ಅಂದೆ. ಅವನ ಮೇಜಿನ ಮೇಲೆ ಆಫೀಸಿನವರು ಕೊಟ್ಟ ಹೊಸ ಮ್ಯಾಕ್‌ಬುಕ್ ಪ್ರೊ ಇತ್ತು. "ಅದರ ಜ್ಯಾಕಿಗೆ ಹಾಕಿ ನೋಡು." ಎರಡು ನಿಮಿಷ ಬಿಟ್ಟು ವಾಟ್ಸಾಪ್‌ನಲ್ಲಿ ಕೈಮುಗಿಯುವ ಚಿತ್ರ ಬಂತು.

ಒಂದೇ ಹೆಡ್‌ಫೋನ್ ಒಂದು ಕಡೆ ಗಂಟಲು ಕಟ್ಟಿದ ಹಾಗೆ, ಇನ್ನೊಂದು ಕಡೆ ಬಾಯ್ತುಂಬ ಹಾಡುವುದು ಯಾಕೆ? ಇಷ್ಟು ಗೊತ್ತಾದರೆ ಆಂಪ್, ಡ್ಯಾಕ್‌ಗಳ ಆಯ್ಕೆ ಮುಕ್ಕಾಲು ಪಾಲು ಮುಗಿದ ಹಾಗೆ. ನನ್ನ ಲೆಕ್ಕ ಹೀಗಿದೆ: ಮೊದಲು ಹೆಡ್‌ಫೋನ್ ಆರಿಸಿ. ಅದಕ್ಕೆ ಎಷ್ಟು ವೋಲ್ಟ್ ಬೇಕೋ ಅಷ್ಟು ಕೊಡುವ ಆಂಪ್ ಹುಡುಕಿ. ಡ್ಯಾಕ್ ವಿಷಯಕ್ಕೆ ಕೊನೆಗೆ ಬನ್ನಿ. ನೂರು ರೂಪಾಯಿ ಇದ್ದರೆ ಎಪ್ಪತ್ತೈದು ಹೆಡ್‌ಫೋನಿಗೇ ಹೋಗಲಿ.

ಗೊತ್ತಿಲ್ಲದವರಿಗೆ ಎರಡು ಮಾತು. ಹಾಡಿನ ಫೈಲಿನಲ್ಲಿರುವ ಅಂಕಿಗಳನ್ನು ವಿದ್ಯುತ್ತಿನ ಏರಿಳಿತವಾಗಿ ಬದಲಿಸುವುದು ಡ್ಯಾಕ್. ಆ ಏರಿಳಿತಕ್ಕೆ ಹೆಡ್‌ಫೋನಿನ ಪೊರೆಯನ್ನು ಅಲ್ಲಾಡಿಸುವ ಬಲ ಕೊಡುವುದು ಆಂಪ್. ಸದ್ದು ಮಾಡುವ ಪ್ರತಿ ಮೊಬೈಲಿನೊಳಗೂ ಇವೆರಡೂ ಇವೆ. ಜ್ಯಾಕ್ ಇಲ್ಲದ ಫೋನಿಗೆ ಸಿಗಿಸುವ ಬೆರಳುದ್ದದ ಡಾಂಗಲ್‌ನಲ್ಲೂ ಸಾಮಾನ್ಯವಾಗಿ ಇರುತ್ತವೆ. ಬ್ಲೂಟೂತ್ ಹೆಡ್‌ಫೋನ್ ಇವೆರಡನ್ನೂ ತನ್ನ ಹೊಟ್ಟೆಯೊಳಗೇ ಇಟ್ಟುಕೊಂಡಿರುತ್ತದೆ. ಹಾಗಾಗಿ ಅಂಥವರಿಗೆ ಈ ಬರಹದಿಂದ ಉಪಯೋಗವಿಲ್ಲ, ಆರಾಮಾಗಿ ಹಾಡು ಕೇಳಿ.

ಬರೀ ಓಮ್ ನೋಡಿದರೆ ಸಾಲದು

ಎಲ್ಲರೂ ಮೊದಲು ನೋಡುವುದು ಓಮ್, ಅಂದರೆ ಕರೆಂಟಿಗೆ ಹೆಡ್‌ಫೋನ್ ಒಡ್ಡುವ ತಡೆಯ ಅಳತೆ. 32 ಓಮ್ ಸುಲಭ, 300 ಓಮ್ ಕಷ್ಟ ಅನ್ನುವ ಮಾತು ಓಡಾಡುತ್ತಿದೆ. ಅದು ಅರ್ಧ ನಿಜ. ಸೆನ್‌ಹೈಸರ್ 1968ರಲ್ಲಿ ತಂದ ಎಚ್‌ಡಿ 414 ಬರೋಬ್ಬರಿ 2000 ಓಮ್‌ನದ್ದು. ಬೇಯರ್‌ಡೈನಾಮಿಕ್‌ನ ಡಿಟಿ 880 ಒಂದೇ ಹೆಸರಿನಲ್ಲಿ 32, 250, 600 ಓಮ್ ಅಂತ ಮೂರು ಬಗೆಯಲ್ಲಿ ಬಂದಿದೆ. ಓಮ್ ಜಾಸ್ತಿ ಇದ್ದರೆ ಒಳಗಿನ ಸುರುಳಿಗೆ ತೀರಾ ತೆಳು ತಂತಿ ಸುತ್ತಿದ್ದಾರೆ ಅಂತ ತಿಳಿಯಬಹುದು. ಅಂಥದ್ದಕ್ಕೆ ವೋಲ್ಟೇಜ್ ಜಾಸ್ತಿ ಬೇಕು, ಕರೆಂಟ್ ಕಡಿಮೆ ಸಾಕು. ಕಡಿಮೆ ಓಮ್‌ನದ್ದು ಇದಕ್ಕೆ ಉಲ್ಟಾ.

ಆದರೆ ಹೈಫೈಮ್ಯಾನ್‌ನ ಎಚ್‌ಇ6 ಇದೆಯಲ್ಲ, ಅದು ಬರೀ 50 ಓಮ್. ಹೆಡ್‌ಫೋನ್‌ಗಳ ಪೈಕಿ ಕುಂಭಕರ್ಣ ಅಂದರೆ ಅದೇ. ಅಷ್ಟು ಸುಲಭಕ್ಕೆ ಏಳುವುದಿಲ್ಲ.

ಅದಕ್ಕೇ ಓಮ್ ಪಕ್ಕದಲ್ಲಿರುವ ಇನ್ನೊಂದು ಅಂಕಿಯನ್ನೂ ನೋಡಬೇಕು: ಸೆನ್ಸಿಟಿವಿಟಿ. ಇದರಲ್ಲೊಂದು ಕಿತಾಪತಿ ಇದೆ. ಕೆಲವರು 1 ಮಿಲಿವ್ಯಾಟ್ ಕೊಟ್ಟರೆ ಎಷ್ಟು ಡೆಸಿಬೆಲ್ ಅಂತ ಬರೆಯುತ್ತಾರೆ. ಇನ್ನು ಕೆಲವರು 1 ವೋಲ್ಟ್ ಕೊಟ್ಟರೆ ಎಷ್ಟು ಅಂತ ಬರೆಯುತ್ತಾರೆ. ಎರಡನ್ನೂ ಹಾಗೇ ಪಕ್ಕಪಕ್ಕ ಇಟ್ಟು ನೋಡಿದರೆ ಸೇರಿನ ಅಕ್ಕಿಗೂ ಕಿಲೋ ಅಕ್ಕಿಗೂ ಬೆಲೆ ಹೋಲಿಸಿದ ಹಾಗಾಗುತ್ತದೆ.

ಎಲ್ಲವನ್ನೂ ವೋಲ್ಟ್ ಲೆಕ್ಕಕ್ಕೆ ತಂದುಕೊಳ್ಳುವುದು ಒಳ್ಳೆಯದು. ಮಿಲಿವ್ಯಾಟ್‌ನಲ್ಲಿ ಕೊಟ್ಟಿದ್ದರೆ ಅದಕ್ಕೆ ಒಂದಿಷ್ಟು ಕೂಡಿಸಿದರೆ ಆಯಿತು. 32 ಓಮ್‌ಗೆ 15 ಕೂಡಿಸಿ. 50 ಓಮ್‌ಗೆ 13, 80ಕ್ಕೆ 11, 250ಕ್ಕೆ 6, 300ಕ್ಕೆ 5, 600ಕ್ಕೆ 2.

ಈಗ ನೋಡಿ ಮಜಾ. ಆಡಿಯೋ ಟೆಕ್ನಿಕಾ ಎಂ50ಎಕ್ಸ್ 38 ಓಮ್, ಮಿಲಿವ್ಯಾಟ್‌ಗೆ 99 ಡೆಸಿಬೆಲ್. ಒಂದು ವೋಲ್ಟ್ ಕೊಟ್ಟರೆ 113. ಡಿಟಿ 770 ಪ್ರೊನ 80 ಓಮ್ ಮಾದರಿ 96ರಿಂದ 107ಕ್ಕೆ ಬಂತು. ಅದರದ್ದೇ 250 ಓಮ್ ಮಾದರಿ 102. ನಮ್ಮ ಹುಡುಗನ ಎಚ್‌ಡಿ 600 ಮಿಲಿವ್ಯಾಟ್‌ಗೆ 97, ಅಂದರೆ ಅದೂ 102. ಎಚ್‌ಇ6 ಬರೀ 83.5, ಕೂಡಿಸಿದರೆ 96.5. ಅಂದರೆ ಒಂದೇ ವೋಲ್ಟ್‌ಗೆ ಎಂ50ಎಕ್ಸ್‌ಗೂ ಎಚ್‌ಡಿ 600ಕ್ಕೂ 11 ಡೆಸಿಬೆಲ್ ಅಂತರ. 10 ಡೆಸಿಬೆಲ್ ಏರಿದರೆ ಕಿವಿಗೆ ಸುಮಾರು ಎರಡು ಪಟ್ಟು ಜೋರಾದ ಹಾಗೆ ಅನ್ನಿಸುತ್ತದೆ. ಹುಡುಗನಿಗೆ ಪೀಸ್ ಕೆಟ್ಟಿದೆ ಅನ್ನಿಸಿದ್ದರಲ್ಲಿ ಆಶ್ಚರ್ಯವಿಲ್ಲ.

ಎಷ್ಟು ಜೋರು ಬೇಕು?

ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಪ್ರಕಾರ ದೊಡ್ಡವರು 80 ಡೆಸಿಬೆಲ್‌ನಲ್ಲಿ ವಾರಕ್ಕೆ 40 ಗಂಟೆ ಕೇಳಬಹುದು. ಅದರ ಮೇಲೆ ಹೋದಷ್ಟೂ ಸಮಯ ಬೇಗ ಕುಗ್ಗುತ್ತದೆ. ಮನೆಯಲ್ಲಿ ನೆಮ್ಮದಿಯಾಗಿ ಕೂತು ಕೇಳುವಾಗ ಸರಾಸರಿ 70–75 ಸಾಕು.

ಹಾಗಿದ್ದರೆ ಎಚ್‌ಡಿ 600ಕ್ಕೆ ಅರ್ಧ ವೋಲ್ಟೂ ಜಾಸ್ತಿ ಆಯ್ತಲ್ಲ ಅಂತೀರಾ? ಸರಾಸರಿಗೆ ಸಾಕು. ಆದರೆ ಕಛೇರಿಯಲ್ಲಿ ಆಲಾಪ ನಡೆಯುವಾಗ ಇರುವ ಸದ್ದೇ ಬೇರೆ, ತನಿ ಆವರ್ತನದಲ್ಲಿ ಮೃದಂಗದ ಒಂದು ಹೊಡೆತ ಬಿದ್ದಾಗಿನ ಸದ್ದೇ ಬೇರೆ. ಆ ಹೊಡೆತ ಸರಾಸರಿಗಿಂತ 15–20 ಡೆಸಿಬೆಲ್ ಮೇಲೆ ಹಾರಬಹುದು. ಹಳೇ ರೆಕಾರ್ಡಿಂಗ್‌ಗಳನ್ನು ತೀರಾ ಮೆಲ್ಲಗಿನ ಮಟ್ಟದಲ್ಲಿ ಇಟ್ಟಿರುತ್ತಾರೆ, ಅದಕ್ಕೊಂದಿಷ್ಟು ಬೇಕು. ಈಕ್ವಲೈಸರ್ (ಸ್ವರಗಳನ್ನು ಬೇಕಾದಂತೆ ಏರಿಸಿ ಇಳಿಸುವ ಸಾಫ್ಟ್‌ವೇರ್) ಹಾಕಿದರೆ ಅದೂ ಒಂದಿಷ್ಟು ತಿನ್ನುತ್ತದೆ. ಇದನ್ನೆಲ್ಲ ಕೂಡಿಸಿ ನಾನು 110 ಡೆಸಿಬೆಲ್ ಮುಟ್ಟುವ ಶಕ್ತಿ ಕೈಯಲ್ಲಿರಲಿ ಅನ್ನುತ್ತೇನೆ. ಮೆಲ್ಲಗೆ ಕೇಳುವವರಿಗೆ 105 ಧಾರಾಳ.

ವೋಲ್ಟ್ ಎರಡು ಪಟ್ಟಾದರೆ 6 ಡೆಸಿಬೆಲ್ ಸಿಗುತ್ತದೆ, ಹತ್ತು ಪಟ್ಟಾದರೆ 20. ಎಚ್‌ಡಿ 600 102ರಿಂದ 110ಕ್ಕೆ ಹೋಗಲು 8 ಬೇಕು, ಅಂದರೆ ಸುಮಾರು 2.5 ವೋಲ್ಟ್. ಎಂ50ಎಕ್ಸ್‌ಗೆ ಮುಕ್ಕಾಲು ವೋಲ್ಟ್ ಸಾಕು. ಎಚ್‌ಇ6ಕ್ಕೆ 4.7 ವೋಲ್ಟ್, ಜೊತೆಗೆ 95 ಮಿಲಿಆಂಪಿಯರ್ ಕರೆಂಟೂ ಬೇಕು.

ಮ್ಯಾಕ್‌ಬುಕ್ ಪ್ರೊ ಗುಟ್ಟು ಇಲ್ಲೇ ಇದೆ. 2021ರ 14 ಮತ್ತು 16 ಇಂಚಿನ ಮಾದರಿಗಳಿಂದ ಹಿಡಿದು, ಸಿಗಿಸಿದ ಹೆಡ್‌ಫೋನ್ 150 ಓಮ್ ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಆ ಜ್ಯಾಕ್ 3 ವೋಲ್ಟ್‌ವರೆಗೆ ಕೊಡುತ್ತದೆ. ಅದಕ್ಕಿಂತ ಕಡಿಮೆ ಇದ್ದರೆ 1.25 ವೋಲ್ಟ್. ಅಂದರೆ ಎಚ್‌ಡಿ 600 111 ಮುಟ್ಟುತ್ತದೆ. ಪ್ರತ್ಯೇಕ ಆಂಪ್‌ಗೆ ಇನ್ನೇನು ಕೆಲಸ?

ಆಂಪ್: ಎಲ್ಲಿ ನಿಲ್ಲಬೇಕು

ಮೊದಲ ಮೆಟ್ಟಿಲು ಡಾಂಗಲ್. ಆಪಲ್‌ನ ಯುಎಸ್‌ಬಿ ಸಿ ಡಾಂಗಲ್ 1 ವೋಲ್ಟ್ ಕೊಡುತ್ತದೆ. ಯುರೋಪಿಗೆ ಅಂತ ಮಾಡಿದ್ದು ಅರ್ಧ ವೋಲ್ಟ್ ಮಾತ್ರ, ವಿದೇಶದಿಂದ ತರಿಸುವವರು ಹುಷಾರು. ಇಯರ್‌ಫೋನ್‌ಗೆ, ಎಂ50ಎಕ್ಸ್ ಥರದ ಹೆಡ್‌ಫೋನ್‌ಗೆ ಇದರ ಮೇಲೆ ಏನೂ ಬೇಕಿಲ್ಲ. ಒಂದೇ ತಕರಾರು, ಆಂಡ್ರಾಯ್ಡ್ ಫೋನಿಗೆ ಹಾಕಿದರೆ ಹಲವು ಸಲ ವಾಲ್ಯೂಮ್ ಪೂರ್ತಿ ಏರುವುದಿಲ್ಲ. ಆಂಡ್ರಾಯ್ಡ್ ಇದ್ದವರು 2 ವೋಲ್ಟ್ ಕೊಡುವ ಬೇರೆ ಡಾಂಗಲ್ ನೋಡಿ. ಅದರಲ್ಲಿ ಎಚ್‌ಡಿ 600 ಕೂಡ 108ರವರೆಗೆ ಹೋಗುತ್ತದೆ. ನನ್ನನ್ನು ಕೇಳಿದರೆ ಮುಕ್ಕಾಲು ಪಾಲು ಜನರ ಹುಡುಕಾಟ ಇಲ್ಲಿಗೇ ಮುಗಿಯಬೇಕು.

ಎರಡನೆಯದು ಡ್ಯಾಕೂ ಆಂಪೂ ಒಂದೇ ಡಬ್ಬಿಯಲ್ಲಿರುವ ಮೇಜಿನ ಮೇಲಿನ ಸಾಧನ. ಫಿಯೋ ಕೆ11, ಐಫೈ ಜೆನ್ ಡ್ಯಾಕ್ ಈ ಜಾತಿಯವು. ಇದರಲ್ಲಿ ಸಿಗುವ ದೊಡ್ಡ ಸುಖ ಕೈಗೆ ಸಿಗುವ ವಾಲ್ಯೂಮ್ ಗುಂಡಿ. ನಗಬೇಡಿ, ದಿನಾ ಕೇಳುವವರಿಗೆ ಅದು ಸಣ್ಣ ವಿಷಯವಲ್ಲ. 250, 300, 600 ಓಮ್‌ನವುಗಳಿಗೂ ಹೈಫೈಮ್ಯಾನ್‌ನ ಪ್ಲೇನಾರ್‌ಗಳಿಗೂ (ಸುರುಳಿಯ ಬದಲು ಚಪ್ಪಟೆ ಪೊರೆಯ ಮೇಲೇ ತಂತಿ ಹಾಸಿದ ಹೆಡ್‌ಫೋನ್‌ಗಳು) ಇದು ಆರಾಮದ ಜಾಗ.

ಮೂರನೆಯದು ಬೇರೆ ಬೇರೆ ಡ್ಯಾಕ್, ಬೇರೆ ಆಂಪ್. ಒಂದು ಕೆಟ್ಟರೆ ಇನ್ನೊಂದು ಉಳಿಯುತ್ತದೆ, ಒಂದನ್ನೇ ಬದಲಿಸಬಹುದು. ಅದರಿಂದ ಧ್ವನಿ ತಾನಾಗೇ ಚೆನ್ನಾಗಿಬಿಡುತ್ತದೆ ಅಂತೇನಿಲ್ಲ. ಮೇಜಿನ ಮೇಲೆ ವೈರ್ ಮಾತ್ರ ಖಂಡಿತ ಜಾಸ್ತಿಯಾಗುತ್ತದೆ.

ಆಂಪ್‌ನ ಡಬ್ಬಿ ಮೇಲೆ "32 ಓಮ್‌ಗೆ 1 ವ್ಯಾಟ್" ಅಂತ ಬರೆದಿದ್ದರೆ ವ್ಯಾಟನ್ನೂ ಓಮನ್ನೂ ಗುಣಿಸಿ ವರ್ಗಮೂಲ ತೆಗೆಯಿರಿ. ಸುಮಾರು 5.7 ವೋಲ್ಟ್ ಬರುತ್ತದೆ. ಲೆಕ್ಕದ ಪ್ರಕಾರ ಕುಂಭಕರ್ಣನನ್ನೂ ಎಬ್ಬಿಸಲು ಅಷ್ಟು ಸಾಕು. 1 ವ್ಯಾಟ್‌ನದ್ದು ಬಿಟ್ಟು 2 ವ್ಯಾಟ್‌ನದ್ದು ತಂದರೆ ಎರಡು ಪಟ್ಟು ಜೋರಾಗುವುದಿಲ್ಲ, ಬರೀ 3 ಡೆಸಿಬೆಲ್ ಸಿಗುತ್ತದೆ. 4.4 ಮಿಲಿಮೀಟರ್‌ನ ಬ್ಯಾಲೆನ್ಸ್ಡ್ ಜ್ಯಾಕ್ ಕಥೆಯೂ ಇದೇ. ಅಲ್ಲಿ ಸಾಮಾನ್ಯವಾಗಿ ವೋಲ್ಟೇಜ್ ಎರಡು ಪಟ್ಟಿರುತ್ತದೆ. ಅಷ್ಟು ಬೇಕಿದ್ದರೆ ಬಳಸಿ, ಬೇಡದಿದ್ದರೆ ಹೊಸ ಕೇಬಲ್‌ಗೆ ದುಡ್ಡು ಸುರಿಯಬೇಡಿ.

ಶಕ್ತಿ ಜಾಸ್ತಿಯಾದರೂ ತೊಂದರೆ ಉಂಟು. ಒಂದು ಭಾನುವಾರ ಪ್ಲೇನಾರ್ ತೆಗೆದು, ಆಂಪ್‌ನ ಹೈ ಗೇನ್ (ಸದ್ದನ್ನು ಇನ್ನಷ್ಟು ಏರಿಸುವ) ಸ್ವಿಚ್ ಹಾಗೇ ಬಿಟ್ಟು, ಇಯರ್‌ಫೋನ್ ಸಿಗಿಸಿ ಪ್ಲೇ ಒತ್ತಿದೆ. ಕಪಾಳಕ್ಕೆ ಹೊಡೆದ ಹಾಗಾಯಿತು. ಸಂಜೆವರೆಗೂ ಎಡಗಿವಿಯಲ್ಲಿ ಗುಂಯ್ ಅನ್ನುತ್ತಿತ್ತು. ಅವತ್ತಿನಿಂದ ಮೊದಲು ಪ್ಲೇ, ಆಮೇಲೆ ಕಿವಿಗೆ. ಇನ್ನೊಂದು ಕಾಟ ಅಂದರೆ, ದೊಡ್ಡ ಆಂಪ್‌ಗೆ ಇಯರ್‌ಫೋನ್ ಹಾಕಿದರೆ ಹಾಡಿನ ಹಿಂದೆ ಸುಯ್ ಅನ್ನುವ ಸದ್ದು ಕೇಳಬಹುದು. ಗುಂಡಿ ತೀರಾ ಕೆಳಗಿರುವಾಗ ಒಂದು ಕಿವಿಗೆ ಜೋರು, ಇನ್ನೊಂದಕ್ಕೆ ಮೆಲ್ಲಗೆ ಕೇಳುವುದೂ ಉಂಟು. ಇಯರ್‌ಫೋನ್‌ಗೆ ಡಾಂಗಲ್ಲೇ ಸರಿಯಾದ ಜೋಡಿ.

ಡ್ಯಾಕ್ ವಿಷಯದಲ್ಲಿ ನಾನು ಮೋಸ ಹೋದದ್ದು

ಕೆಲವು ವರ್ಷ ಹಿಂದೆ ನಾನೂ ಒಂದು ದುಬಾರಿ ಡ್ಯಾಕ್ ತಂದೆ. ಡಾಂಗಲ್ ಕಿತ್ತು ಅದನ್ನು ಆಂಪ್‌ಗೆ ಜೋಡಿಸಿದೆ. ಮಲ್ಲಿಕಾರ್ಜುನ ಮನ್ಸೂರರ ಹಳೆಯ ಕಛೇರಿಯೊಂದನ್ನು ಹಾಕಿದರೆ ತಂಬೂರಿಯ ಒಂದೊಂದು ತಂತಿಯೂ ಎದ್ದು ನಿಂತ ಹಾಗೆ ಕೇಳಿತು. ಸಿಕ್ಕವರಿಗೆಲ್ಲ ಹೇಳಿಕೊಂಡು ಓಡಾಡಿದೆ.

ಆಮೇಲೊಂದು ದಿನ ಅನುಮಾನ ಬಂತು. ಡಾಂಗಲ್ ಕೊಡುವುದು 1 ವೋಲ್ಟ್. ಮೇಜಿನ ಮೇಲಿನ ಡ್ಯಾಕ್‌ಗಳ ಲೈನ್ ಔಟ್ (ಆಂಪ್‌ಗೆ ಜೋಡಿಸುವ ಜ್ಯಾಕ್) ವಾಡಿಕೆಯಲ್ಲಿ 2 ವೋಲ್ಟ್. ಆಂಪ್‌ನ ಗುಂಡಿ ಇದ್ದಲ್ಲೇ ಇತ್ತು. ಅಂದರೆ ನಾನು ಕೇಳಿದ್ದು 6 ಡೆಸಿಬೆಲ್ ಜೋರಾದ ಮನ್ಸೂರರನ್ನು! ಜೋರಾದದ್ದು ಕಿವಿಗೆ ಯಾವಾಗಲೂ ಚೆನ್ನಾಗೇ ಕೇಳುತ್ತದೆ.

ಮನೆಯಲ್ಲಿ ಮಿಕ್ಸಿ ರಿಪೇರಿಗೆ ಅಂತ ತಂದ ಮಲ್ಟಿಮೀಟರ್ ಇತ್ತು. ಅಗ್ಗದ ಮೀಟರ್ ಎತ್ತರದ ಸ್ವರಗಳನ್ನು ಸರಿಯಾಗಿ ಅಳೆಯುವುದಿಲ್ಲ. ಅದಕ್ಕೇ 100 ಹರ್ಟ್ಜ್‌ನ ಒಂದೇ ಸಮನೆಯ ಟೋನ್ ಹಾಕಿದೆ. ಆಂಪ್‌ಗೆ ಎರಡು ಬಾಯಿಯ ಕೇಬಲ್ ಸಿಗಿಸಿ, ಒಂದಕ್ಕೆ ಹೆಡ್‌ಫೋನ್, ಇನ್ನೊಂದಕ್ಕೆ ಮೀಟರಿನ ಕಡ್ಡಿಗಳು. ಡಾಂಗಲ್‌ನಲ್ಲಿ 0.40 ವೋಲ್ಟ್ ತೋರಿಸಿತು. ಡ್ಯಾಕ್‌ಗೆ ಬದಲಿಸಿ, ಕಂಪ್ಯೂಟರಿನ ಪ್ಲೇಯರ್‌ನಲ್ಲಿ ಮಟ್ಟ ಇಳಿಸುತ್ತಾ ಅದನ್ನೂ 0.40ಕ್ಕೆ ತಂದೆ. ಹೆಂಡತಿ ನನ್ನ ಬೆನ್ನ ಹಿಂದೆ ಕೂತು ಸುಮ್ನೆ ಬದಲಿಸುತ್ತಾ ಹೋದಳು, ನಾನು ಇದು ಡ್ಯಾಕ್, ಇದು ಡಾಂಗಲ್ ಅಂತ ಹೇಳುತ್ತಾ ಹೋದೆ. 20 ಸಲಕ್ಕೆ 11 ಸರಿ. ನಾಣ್ಯ ಚಿಮ್ಮಿದ್ದರೂ ಅಷ್ಟೇ ಬರುತ್ತಿತ್ತು. "ಈ ಡಬ್ಬಿಗೆ ಎಷ್ಟು ಕೊಟ್ರಿ ಅಂದ್ರಿ?" ಅಂತ ಅವಳು ಕೇಳಿದ್ದಕ್ಕೆ ನಾನು ಉತ್ತರ ಕೊಡಲಿಲ್ಲ.

ಇದರ ಹಿಂದಿನ ಕಾರಣವೂ ಸರಳ. 1982ರಲ್ಲಿ ಬಂದ ಸಿಡಿ 16 ಬಿಟ್‌ನದ್ದು. ಅದರಲ್ಲಿ ಅತಿ ಜೋರಿಗೂ ಅತಿ ಮೆಲ್ಲಗಿನದಕ್ಕೂ ಸುಮಾರು 96 ಡೆಸಿಬೆಲ್ ಅಂತರ ಹಿಡಿಯುತ್ತದೆ. ಒಂದು ಒಳ್ಳೆಯ ಡಾಂಗಲ್ ಹೆಚ್ಚುಕಮ್ಮಿ ಅಷ್ಟನ್ನು ಕೊಡುತ್ತದೆ. ದುಬಾರಿ ಡ್ಯಾಕ್ 120 ಕೊಡುತ್ತದೆ, ಸರಿ. ಆದರೆ ತಲೆ ಮೇಲೆ ಫ್ಯಾನ್ ತಿರುಗುತ್ತಿದೆ, ಅಡುಗೆಮನೆಯಲ್ಲಿ ಕುಕ್ಕರ್ ಕೂಗುತ್ತಿದೆ, ಮನ್ಸೂರರ ಹಳೇ ಟೇಪೇ ಹಿಂದೆ ಸುಯ್ ಅನ್ನುತ್ತಿದೆ. ಆ 24 ಡೆಸಿಬೆಲ್ ಎಲ್ಲಿ ಕೇಳಬೇಕು? ಡ್ಯಾಕ್‌ಗೆ ದುಡ್ಡು ಕೊಡುವುದಿದ್ದರೆ ಬೇಕಾದ ಜ್ಯಾಕ್‌ಗಳಿಗೆ, ಒಳ್ಳೇ ರಿಮೋಟ್‌ಗೆ ಕೊಡಿ.

ಅದರ ಬದಲು ಪುಕ್ಕಟೆ ಸಿಗುವ ಈಕ್ವಲೈಸರ್ ಬಳಸಿ. ವಿಂಡೋಸ್‌ಗೆ ಈಕ್ವಲೈಸರ್ ಎಪಿಒ, ಆಂಡ್ರಾಯ್ಡ್‌ಗೆ ವೇವ್‌ಲೆಟ್. ಆಟೋಈಕ್ಯೂ ಅನ್ನುವ ಕಡೆ ಸಾವಿರಾರು ಹೆಡ್‌ಫೋನ್‌ಗಳಿಗೆ ಸಿದ್ಧ ಸೆಟ್ಟಿಂಗ್ ಸಿಗುತ್ತವೆ. ಡಿಟಿ 990ರಲ್ಲಿ ಮೇಲಿನ ಸ್ವರಗಳು ತುಂಬಾ ಎದ್ದಿರುವುದರಿಂದ ಹಾಡುವವರ "ಸ", "ಶ" ಕಿವಿಗೆ ಚುಚ್ಚುತ್ತವೆ. ಯಾವ ಡ್ಯಾಕ್ ತಂದರೂ ಆ ಚುಚ್ಚು ಹೋಗಲಿಲ್ಲ. ಈಕ್ವಲೈಸರ್‌ನಲ್ಲಿ 8 ಕಿಲೋಹರ್ಟ್ಜ್ ಹತ್ತಿರ ಒಂದಿಷ್ಟು ತಗ್ಗಿಸಿದೆ, ಹೋಯಿತು.

ಟ್ಯೂಬ್ ಆಂಪ್ ಬೇಕಾ?

ಟ್ಯೂಬ್ ಅಂದರೆ ಹಳೇ ರೇಡಿಯೋಗಳಲ್ಲಿದ್ದ ಗಾಜಿನ ವಾಲ್ವ್. ಅಂಥ ಆಂಪ್ ಬೇಕು ಅನ್ನುವವರಿಗೆ ಒಂದು ಮಾತು. ಆಂಪ್‌ಗೂ ತನ್ನದೇ ಒಂದು ಓಮ್ ಇರುತ್ತದೆ, ಔಟ್‌ಪುಟ್ ಇಂಪೀಡೆನ್ಸ್ ಅಂತ. ಅದು ಹೆಡ್‌ಫೋನಿನ ಓಮ್‌ನ ಎಂಟರಲ್ಲಿ ಒಂದು ಪಾಲಿಗಿಂತ ಕಡಿಮೆ ಇರಲಿ ಅನ್ನುವುದು ರೂಢಿ. 32 ಓಮ್‌ಗೆ 4 ಓಮ್ ಮೀರಬಾರದು. 2011ರಲ್ಲಿ ತನ್ನ ಹೆಸರನ್ನೇ ಹೇಳದ ಒಬ್ಬ ಎಂಜಿನಿಯರ್ ಓ2 ಅನ್ನುವ ಆಂಪ್‌ನ ನಕ್ಷೆಯನ್ನು ಎಲ್ಲರಿಗೂ ಹಂಚಿ, ಈ ಮಾತನ್ನು ಪಟ್ಟು ಹಿಡಿದು ಹೇಳಿದ. ಮರುವರ್ಷವೇ ಮಾಯವಾದ. ಈಗಿನ ಅಗ್ಗದ ಆಂಪ್‌ಗಳು ಇಷ್ಟು ಚೆನ್ನಾಗಿರುವುದರಲ್ಲಿ ಅವನ ಪಾಲೂ ಇದೆ ಅನ್ನುವುದು ನನ್ನ ನಂಬಿಕೆ.

ಟ್ರಾನ್ಸ್‌ಫಾರ್ಮರ್ ಇಲ್ಲದ ಟ್ಯೂಬ್ ಆಂಪ್‌ಗಳಲ್ಲಿ ಈ ಓಮ್ ಜಾಸ್ತಿ. ಬಾಟಲ್‌ಹೆಡ್ ಕ್ರ್ಯಾಕ್‌ನಲ್ಲಿ ಸುಮಾರು 120. ಎಚ್‌ಡಿ 600 ಹೆಸರಿಗೆ 300 ಓಮ್ ಆದರೂ 100 ಹರ್ಟ್ಜ್ ಆಸುಪಾಸಿನಲ್ಲಿ 500 ದಾಟುತ್ತದೆ. ಹಾಗಾಗಿ ಅಲ್ಲಿ ಮಾತ್ರ ಒಂದು ಡೆಸಿಬೆಲ್‌ನಷ್ಟು ಜಾಸ್ತಿ ಸದ್ದು ಸಿಗುತ್ತದೆ. ಟ್ಯೂಬಿನಲ್ಲಿ ಹಾಡು ತುಂಬಿಕೊಂಡು ಕೇಳುತ್ತೆ ಅನ್ನುತ್ತಾರಲ್ಲ, ಅದರಲ್ಲಿ ಒಂದು ಪಾಲು ಇದೇ. ನನಗೂ ಈ ಜೋಡಿ ಇಷ್ಟ, ದೊರೆಸ್ವಾಮಿ ಅಯ್ಯಂಗಾರರ ವೀಣೆಗೆ ಹೇಳಿಮಾಡಿಸಿದ್ದು. ಅದೇ ಆಂಪ್‌ಗೆ 32 ಓಮ್‌ನ ಪ್ಲೇನಾರ್ ಹಾಕಿದರೆ ವೋಲ್ಟೇಜಿನ ಐದರಲ್ಲಿ ನಾಲ್ಕು ಪಾಲು ಆಂಪ್ ಒಳಗೇ ಕರಗಿಹೋಗುತ್ತದೆ. ಖಂಡಿತ ಬೇಡ.

ಗುಂಯ್ ಸದ್ದು ಬಂದರೆ

ಲ್ಯಾಪ್‌ಟಾಪ್ ಚಾರ್ಜಿಗಿಟ್ಟಾಗ ಆಂಪ್‌ನಲ್ಲಿ ಗುಂಯ್ ಅಂದರೆ ಮೊದಲು ಚಾರ್ಜರ್ ಕಿತ್ತು ನೋಡಿ. ಸದ್ದು ನಿಂತರೆ ತಪ್ಪು ಆಂಪ್‌ನದ್ದಲ್ಲ, ಅರ್ತಿಂಗಿನದ್ದು. ಎರಡನ್ನೂ ಒಂದೇ ಎಕ್ಸ್‌ಟೆನ್ಶನ್ ಬೋರ್ಡಿಗೆ ಹಾಕಿ. ಆಗಲೂ ಹೋಗದಿದ್ದರೆ ಆಪ್ಟಿಕಲ್ ಕೇಬಲ್‌ನಲ್ಲಿ ಜೋಡಿಸಿ, ಅದರಲ್ಲಿ ತಂತಿಯೇ ಇಲ್ಲದ್ದರಿಂದ ಸದ್ದು ದಾಟಲು ದಾರಿ ಇರುವುದಿಲ್ಲ. ಕರೆಂಟ್ ಹೋಗಿ ಸ್ಕ್ವೇರ್ ವೇವ್ ಯುಪಿಎಸ್ ಮೇಲೆ ಓಡುತ್ತಿರುವಾಗ ಮಾತ್ರ ಸದ್ದು ಬರುತ್ತಿದ್ದರೆ, ಕರೆಂಟ್ ಬರುವವರೆಗೆ ಡಾಂಗಲ್‌ನಲ್ಲಿ ಕೇಳುವುದು ಸುಲಭ.

ಹೆಡ್‌ಫೋನ್ ವಿಷಯಕ್ಕೇ ಇನ್ನೊಂದು ಮಾತು ಉಳಿಯಿತು. ಎಚ್‌ಡಿ 600 ಥರದ ಓಪನ್ ಬ್ಯಾಕ್‌ನಲ್ಲಿ (ಹಿಂಬದಿ ತೆರೆದಿರುವ ಹೆಡ್‌ಫೋನಿನಲ್ಲಿ) ಹಾಡುಗಾರಿಕೆ ಬಲು ಸಹಜವಾಗಿ ಕೇಳುತ್ತದೆ, ಆದರೆ ತಬಲದ ಡಗ್ಗಾದ ಆಳ ಪೂರ್ತಿ ಸಿಗುವುದಿಲ್ಲ. ಅದಕ್ಕೆ ಓಪನ್ ಬ್ಯಾಕ್ ಪ್ಲೇನಾರ್ ವಾಸಿ. ಎರಡರಲ್ಲೂ ಹೊರಗಿನ ಸದ್ದು ಒಳಕ್ಕೆ, ಒಳಗಿನ ಸದ್ದು ಹೊರಕ್ಕೆ ಧಾರಾಳವಾಗಿ ಹೋಗುತ್ತದೆ. ಪಕ್ಕದಲ್ಲಿ ಯಾರಾದರೂ ಮಲಗಿದ್ದರೆ, ಬೀದಿ ಕಡೆಯ ರೂಮಾದರೆ ಡಿಟಿ 770 ಥರದ ಮುಚ್ಚಿದ ಹೆಡ್‌ಫೋನ್ ತಗೊಳ್ಳಿ. ಡಾಂಗಲ್ ಸಾಕು ಅನ್ನುವವರು ಅದರ 80 ಓಮ್ ಮಾದರಿಯನ್ನೇ ಕೇಳಿ ತಗೊಳ್ಳಿ.

ಮೊನ್ನೆ ಅಕ್ಕನ ಮಗ ಮತ್ತೆ ಫೋನ್ ಮಾಡಿದ್ದ. "ಮಾವ, ಕೆಲಸ ಬಿಡ್ತಿದೀನಿ. ಮ್ಯಾಕ್‌ಬುಕ್ ವಾಪಸ್ ಕೊಡ್ಬೇಕು. ಈಗ ಆಂಪ್ ತಗೊಳ್ಲಾ?" ಅವನ ಹತ್ತಿರ ಇರುವುದು ಆಂಡ್ರಾಯ್ಡ್ ಫೋನು, ಹಳೇ ವಿಂಡೋಸ್ ಲ್ಯಾಪ್‌ಟಾಪು. 2 ವೋಲ್ಟ್ ಡಾಂಗಲ್ ಒಂದು ತರಿಸು, ಈಕ್ವಲೈಸರ್ ಎಪಿಒ ಹಾಕಿಕೋ, ಒಂದು ತಿಂಗಳು ಕೇಳು ಅಂದೆ. ವಾಲ್ಯೂಮ್ ದಿನಾ ನೂರಕ್ಕೆ ನೂರು ಮುಟ್ಟುತ್ತಿದ್ದರೆ ಆಮೇಲೆ ಮೇಜಿನ ಡಬ್ಬಿ ನೋಡೋಣ. ನಿನ್ನೆ ಕೇಳಿದೆ. ಅರವತ್ತರ ಮೇಲೆ ಹೋಗೇ ಇಲ್ಲವಂತೆ.